ಅವ್ವ ಹಾಡದ ಮನೆ

ಬೆಳಗಿನ ಜಾವ ನಮ್ಮ ಊರಿನ ಎಲ್ಲ ಮನೆಗಳಿಂದಲೂ ರಾಗಿ ಬೀಸುವ ಹಾಡು ಕೇಳಿಬರುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಕಲ್ಲು ಸುಮ್ಮನೆ ತಿರುಗುತ್ತಿತ್ತು. ಚಾಪೆಯ ಮೇಲೆ ಮಲಗಿಕೊಂಡೇ ನಾನು ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೆ, ಗೋಡೆಯಾಚೆಯಿಂದ ಪಕ್ಕದ ಮನೆಯವರ ಪದ, ಈಚೆ ನಮ್ಮ ಕಲ್ಲಿನ ಗರಗರ. ಹುಟ್ಟಿದಾಗಿನಿಂದ ಹಾಗೇ ಕೇಳಿದ್ದರಿಂದ ಬೀಸುವಾಗ ಹಾಡುವುದು ಬೇರೆಯವರ ಮನೆಯ ಅಭ್ಯಾಸವೆಂದುಕೊಂಡಿದ್ದೆ. ಕೆಲವರ ಅಂಗಳದಲ್ಲಿ ಸೀಬೆ ಮರ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ, ಹಾಗೆ. ಕಲ್ಲಿನ ಆಚೀಚೆ ಕೂತು ಬೀಸುತ್ತಿದ್ದವರು ಅತ್ತೆ ಮತ್ತು ಅವ್ವ. ಅತ್ತೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿ, ಮನೆಯ ಯಜಮಾನಿಕೆಯನ್ನೂ ಹೊತ್ತವಳು. ಅವ್ವ ಮದುವೆಗೆ ಮುಂಚೆ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದವಳು. ಅವಳ ಹಾಡು ಕೇಳಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಕುಶಾಲನಗರದ ಪೇಟೆಯಿಂದ ಸ್ವಲ್ಪ ದೂರ, ಹೊಳೆಗೆ ಬೆನ್ನು ಮಾಡಿ ನಿಂತಿದ್ದ ಮಣ್ಣಿನ ಗೋಡೆಯ ಮನೆ ನಮ್ಮದು. ಈಗ ಅಲ್ಲಿ ಟೈಲ್ಸ್ ಮಾರುವವರ ಗೋದಾಮಿದೆ. ಈಚೆಗೆ ವಿರಾಜಪೇಟೆಯಿಂದ ಬಸ್ಸಿನಲ್ಲಿ ಹೋಗಿ ನೋಡಿ ಬಂದೆ. ನಡುಮನೆ ಎಲ್ಲಿತ್ತು ಎಂದು ಅಂದಾಜು ಮಾಡಲೂ ಆಗಲಿಲ್ಲ. ಕಾವಲಿನವನು "ಯಾರು ಬೇಕಿತ್ತು ಅಜ್ಜಿ?" ಎಂದ. ಯಾರೂ ಬೇಡಪ್ಪ ಎಂದು ಬಂದೆ.

ಆ ಮನೆಯ ಹೊಸಿಲಲ್ಲಿ ಅತ್ತೆ ಅವ್ವನಿಗೆ ಹೇಳಿದ ಮೊದಲ ಮಾತನ್ನು ಅತ್ತೆಯೇ ನನಗೆ ಎಷ್ಟೋ ಸಲ ಹೇಳಿದ್ದಳು. ಅಪ್ಪ ಯಾರಿಗೂ ತಿಳಿಸದೆ ವಿರಾಜಪೇಟೆಯ ಒಂದು ಗುಡಿಯಲ್ಲಿ ತಾಳಿ ಕಟ್ಟಿ, ಅವ್ವನನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತಿದ್ದನಂತೆ. ಅತ್ತೆ ಕೈಯಲ್ಲಿದ್ದ ಮೊರವನ್ನೂ ಕೆಳಗಿಡದೆ ನೋಡಿದಳಂತೆ.

"ಒಳಕ್ಕೆ ಬಾ. ಹಾಡು ಹೊರಗೇ ಇರ್ಲಿ."

"ಆಯ್ತಕ್ಕ."

ಅತ್ತೆ ಕೆಟ್ಟವಳಾಗಿರಲಿಲ್ಲ. ನಮ್ಮವರು ಹಾಸನದ ಕಡೆಯಿಂದ ಬಂದು ನೆಲೆಸಿ ಇನ್ನೂ ಬೇರು ಬಿಟ್ಟಿರಲಿಲ್ಲ. ಊರಿನವರು ನಮ್ಮ ಮನೆಯಲ್ಲಿ ಪಂಕ್ತಿಗೆ ಕೂರುತ್ತಾರೋ ಇಲ್ಲವೋ ಎಂಬುದು ಅವಳಿಗೆ ಉಸಿರಿನ ಪ್ರಶ್ನೆ. ನಾಟಕದವಳನ್ನು ತಂದುಕೊಂಡ ಮನೆ ಎಂದು ಜನ ಮುಖ ತಿರುಗಿಸಿದರೆ ಈ ಅಕ್ಕ ತಮ್ಮ ಎಲ್ಲಿಗೆ ಹೋಗಬೇಕು? ಅವ್ವನೂ ಒಂದೆರಡು ವರ್ಷ, ಆಮೇಲೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡು ಒಪ್ಪಿದ್ದಳಂತೆ.

ತನ್ನ ಹಿಂದಿನ ಬದುಕನ್ನು ಅವ್ವ ಹೇಳುತ್ತಿದ್ದದ್ದು ಬಚ್ಚಲಮನೆಯಲ್ಲಿ ಮಾತ್ರ. ವಾರಕ್ಕೊಮ್ಮೆ ನನಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಎರೆಯುವಾಗ ನೀರಿನ ಸದ್ದಿನ ನಡುವೆ ಒಂದಿಷ್ಟು ಹೇಳುವಳು. ಮುಂದಿನದಕ್ಕೆ ಮುಂದಿನ ವಾರದವರೆಗೆ ಕಾಯಬೇಕಿತ್ತು. ಒಂಬತ್ತು ವರ್ಷದವಳಿದ್ದಾಗ, ಕಂಪನಿಯಲ್ಲಾದರೆ ಮೂರು ಹೊತ್ತು ಊಟವಿರುತ್ತದೆ ಎಂದು ಅವಳ ತಾಯಿ ಬಿಟ್ಟುಹೋದಳಂತೆ. ಮೊದಲು ಕೊಟ್ಟದ್ದು ಸತ್ತ ಬಾಲಕನ ಪಾತ್ರ. ಅಲ್ಲಾಡದೆ ಮಲಗಿರುವುದೇ ಕೆಲಸ. ಒಂದು ದಿನ ನಿಜವಾಗಿಯೇ ನಿದ್ದೆ ಹೋಗಿ, ಪರದೆ ಬಿದ್ದ ಮೇಲೆ ಯಾರೋ ಎತ್ತಿಕೊಂಡು ಹೋಗಿ ಬಟ್ಟೆಗಂಟಿನ ಮೇಲೆ ಹಾಕಿದರಂತೆ. ಆ ಕಾಲದಲ್ಲಿ ಹೆಣ್ಣುಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಅವ್ವನಿಗೆ ವಯಸ್ಸು ಬಂದಾಗ ಮಾಲೀಕರಿಗೆ, ಹೆಂಗಸೇ ರಾಣಿಯಾದರೆ ಜನ ಹೆಚ್ಚು ಬಂದಾರು ಎನ್ನಿಸಿತು. ಅಲ್ಲಿಯವರೆಗೆ ರಾಣಿಯಾಗಿದ್ದ ಕೃಷ್ಣಪ್ಪ ಎಂಬಾತನಿಗೇ ಅವಳಿಗೆ ಪಾತ್ರ ಕಲಿಸು ಎಂದರು.

"ಹೆಂಗಸಿನ ಹಾಗೆ ನಡೆಯೋದು ನಂಗೆ ಕಲಿಸಿದ್ದು ಒಬ್ಬ ಗಂಡಸು ಕಣೇ. ಸೆರಗು ಹೆಂಗೆ ಹಿಡೀಬೇಕು, ಅಳುವಾಗ ಭುಜ ಎಷ್ಟು ಅಲ್ಲಾಡಬೇಕು, ಎಲ್ಲಾ. ಪಾಪ, ತನ್ನ ಅನ್ನ ತಾನೇ ನನ್ನ ತಟ್ಟೆಗೆ ಬಡಿಸ್ದ."

"ಆಮೇಲೆ ಅವನೇನಾದ ಅವ್ವ?"

"ಕಣ್ಣು ಮುಚ್ಕೋ. ಸೀಗೆಪುಡಿ ಬೀಳುತ್ತೆ."

ಚೆಲುವಮ್ಮ ಎಂಬ ಹೆಸರು ಹಳ್ಳಿಯದಾಯಿತೆಂದು ಮಾಲೀಕರು ಅವಳನ್ನು ಚಂಪಕ ಮಾಡಿದರು. ಊರಿಂದೂರಿಗೆ ಹೋಗುವಾಗ ಮುಂದಿನ ಗಾಡಿಯಿಂದ ಆ ಹೆಸರಿನ ಕರಪತ್ರಗಳನ್ನು ತೂರುತ್ತಿದ್ದರು. ಮೈಕು ಇರಲಿಲ್ಲ. ಡೇರೆಯ ತುದಿಯಲ್ಲಿ ನೆಲದ ಮೇಲೆ ಕೂತವನಿಗೂ ಬಿಕ್ಕುವುದು ಕೇಳಬೇಕು, ಆದರೆ ಮುಂದೆ ಕುರ್ಚಿಯಲ್ಲಿ ಕೂತವನಿಗೆ ಅದು ಕಿರುಚಿದಂತೆ ಇರಬಾರದು. ಅದನ್ನು ಕಲಿಯಲು ವರ್ಷಗಳೇ ಹಿಡಿದವಂತೆ. ಆಮೇಲೆ ಟಾಕಿ ಸಿನಿಮಾ ಬಂತು. ಕಂಪನಿ ವಿರಾಜಪೇಟೆಯಲ್ಲಿ ಕ್ಯಾಂಪು ಹಾಕಿದ್ದಾಗಲೇ ಮಾಲೀಕರು ತೀರಿಕೊಂಡರು. ಪರದೆಗಳನ್ನು ಒಬ್ಬ, ಕಿರೀಟಗಳನ್ನು ಇನ್ನೊಬ್ಬ ಹೊತ್ತುಕೊಂಡು ಹೋದರು. ಹೋಗಲು ಊರಿಲ್ಲದ ಅವ್ವ, ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಂಡಿ ಹಾಕುತ್ತಾ ಉಳಿದಳು. ಭತ್ತ ಮಾರಲು ಹೋದಾಗಲೆಲ್ಲ ಅವಳ ಆಟ ನೋಡುತ್ತಿದ್ದ ಅಪ್ಪ ಅಲ್ಲಿಗೆ ಹೋಗಿ, ಹೊಲಿಸುವುದಕ್ಕೆ ಏನೂ ಇಲ್ಲದೆ ಸುಮ್ಮನೆ ನಿಂತಿದ್ದು ವಾಪಸು ಬರುತ್ತಿದ್ದನಂತೆ. ಕೊನೆಗೊಮ್ಮೆ ಬಾಯಿಬಿಟ್ಟ.

"ಗದ್ದೆ ಇದೆ. ಜೊತೆ ಎತ್ತಿದೆ. ಒಬ್ಬಳು ಅಕ್ಕ ಇದಾಳೆ. ಬರ್ತೀರಾ?"

ಕಂಪನಿಯ ಊಟದ ಮನೆಯಲ್ಲೇ ಉಂಡು ಬೆಳೆದ ಅವ್ವನಿಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ. ಅವಳು ತಿರುವಿದ ಮೊದಲ ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟುಗಳು ಸಿಕ್ಕಿ, ಅಪ್ಪ ಒಂದೊಂದನ್ನೂ ನುಂಗಿ ಚೆನ್ನಾಗಿದೆ ಎಂದಿದ್ದನಂತೆ. ಅತ್ತೆ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಕೋಲು ಹಿಡಿಯುವುದನ್ನು ಕಲಿಸಿದಳು. ಹುರುಳಿ ಬಸಿದ ಸಾರು, ಮಳೆ ಶುರುವಾದಾಗ ಬರುವ ಬಿದಿರಿನ ಕಣಿಲೆಯನ್ನು ಎಷ್ಟು ನೀರು ಬದಲಿಸಿ ಕಹಿ ತೆಗೆಯಬೇಕು, ಅಕ್ಕಿರೊಟ್ಟಿಯ ಅಂಚು ಒಡೆಯದಂತೆ ಹೇಗೆ ತಟ್ಟಬೇಕು, ಎಲ್ಲವನ್ನೂ ಬೈಯುತ್ತಾ ಬೈಯುತ್ತಾ ಹೇಳಿಕೊಟ್ಟಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವ್ವನ ಕೈಯ ಅಡುಗೆ ಯಾವುದು, ಅತ್ತೆಯದು ಯಾವುದು ಎಂದು ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ.

ಅಪ್ಪ ಅವಳ ಹಾಡಿಗೆ ಮರುಳಾಗಿ ಮದುವೆಯಾದವನು. ಮದುವೆಯಾದ ದಿನದಿಂದ ಆ ಹಾಡು ಅವನಿಗೂ ಇಲ್ಲವಾಯಿತು. ಮನೆಯಲ್ಲಿ ಅವನು ಅದರ ಸುದ್ದಿ ಎತ್ತುತ್ತಿರಲಿಲ್ಲ. ಗದ್ದೆಯಲ್ಲಿ ಮಾತ್ರ, ಎತ್ತಿನ ಹಿಂದೆ ನಡೆಯುತ್ತಾ, ಅವಳ ರಾಣಿಯ ಹಾಡುಗಳನ್ನು ತನಗೆ ನೆನಪಿದ್ದ ಹಾಗೆ ಗುನುಗುತ್ತಿದ್ದ. ಅವನಿಗೆ ರಾಗ ಹಿಡಿಯಲು ಬರುತ್ತಿರಲಿಲ್ಲ. ಅವ್ವ ಅಂಬಲಿಯ ಗಡಿಗೆ ಹೊತ್ತು, ನಾನು ಉಪ್ಪಿನಕಾಯಿಯ ದೊನ್ನೆ ಹಿಡಿದು ಬದುವಿನ ಮೇಲೆ ಬರುವಾಗ ಅದು ಕಿವಿಗೆ ಬಿದ್ದರೆ ಅವ್ವ ನಿಂತುಬಿಡುವಳು.

"ಅಲ್ಲಿ ಏರಬಾರದು. ಇಳೀಬೇಕು."

"ಹೆಂಗೆ? ಒಂದ್ಸಲ ಹೇಳ್ಕೊಡೇ."

ಅವ್ವ ಬಾಯಿ ತೆರೆಯುತ್ತಿರಲಿಲ್ಲ. ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಇಳಿಸುತ್ತಾ, ಒಂದು ಕಡೆ ತಡೆದು, ಮತ್ತೆ ಇಳಿಸಿ ತೋರಿಸುವಳು. ಅಪ್ಪ ಆ ಕೈಯನ್ನೇ ನೋಡುತ್ತಾ ಇನ್ನೊಮ್ಮೆ ಪ್ರಯತ್ನಿಸಿ, ಮೊದಲಿಗಿಂತಲೂ ಕೆಡಿಸುವನು. ಇಬ್ಬರೂ ನಗುವರು. ಅವರು ಒಟ್ಟಿಗೆ ನಕ್ಕದ್ದನ್ನು ನಾನು ಗದ್ದೆಯಲ್ಲಿ ಮಾತ್ರ ಕಂಡಿದ್ದೇನೆ. ಒಂದು ದಿನ ಹಿಂದಿರುಗುವಾಗ ಕೇಳಿದೆ.

"ಇಲ್ಲಿ ಅತ್ತೆ ಇಲ್ವಲ್ಲ ಅವ್ವ. ಇಲ್ಲಾದ್ರೂ ಹಾಡಬಹುದಲ್ಲ?"

"ಒಂದ್ಸಲ ಶುರು ಮಾಡಿದ್ರೆ ನಿಲ್ಸಕ್ಕಾಗಲ್ಲ ಕಣೇ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಮಾತು ಕೊಟ್ಟಿದೀನಲ್ಲ," ಎಂದೂ ಸೇರಿಸಿದಳು.

ಊರಿನ ಮದುವೆಗಳಲ್ಲಿ ಹಸೆಯ ಮುಂದೆ ಮುತ್ತೈದೆಯರೆಲ್ಲ ಗುಂಪು ಕೂಡಿ ಸೋಬಾನೆ ಹಾಡುವಾಗ ನಮ್ಮ ಮನೆಯ ಇಬ್ಬರು ಗೋಡೆಗೆ ಒರಗಿ ಹಿಂದೆ ನಿಂತಿರುತ್ತಿದ್ದರು. ಅತ್ತೆ ಗಂಡ ಸತ್ತವಳು, ಹಸೆಯ ಹತ್ತಿರ ಹೋಗುವಂತಿಲ್ಲ. ಅವ್ವನನ್ನು ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಕರೆಯುತ್ತಿರಲಿಲ್ಲ. ಪಕ್ಕದ ಮನೆಯ ಮದುವೆಯ ದಿನ ಮುಂದೆ ಕೂತಿದ್ದ ಒಬ್ಬಳು ತಿರುಗಿ ನೋಡಿದಳು.

"ಚೆಲುವಮ್ಮ ಯಾಕೆ ಹಿಂದೆ ನಿಂತ್ಕಂಡವ್ಳೆ? ಒಂದು ಪದ ಹೇಳಬಾರ್ದಾ?"

"ಅವ್ಳ ಪದಕ್ಕೆ ಟಿಕೀಟು ತಗೋಬೇಕು ಕಣವ್ವ," ಎಂದಳು ಇನ್ನೊಬ್ಬಳು. ಹೆಂಗಸರೆಲ್ಲ ನಕ್ಕರು. ಮದುಮಗಳೂ ನಕ್ಕಳು.

ಅವ್ವನೂ ನಗುವಂತೆ ಮುಖ ಮಾಡಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದು, "ನಡಿ, ಹಾಲು ಕಾಯ್ಸಿಲ್ಲ," ಎಂದು ಎಳೆದುಕೊಂಡು ಬಂದುಬಿಟ್ಟಳು. ಊಟಕ್ಕೂ ನಿಲ್ಲಲಿಲ್ಲ. ಮನೆಗೆ ಬಂದು ಮುದ್ದೆ ತಿರುವಿ, ಅವ್ವನ ತಟ್ಟೆಗೆ ಬೆಣ್ಣೆ ಕಾಯಿಸಿದ ತುಪ್ಪವನ್ನು ಸುರಿದಳು. ಅಷ್ಟಾದರೂ, ಇನ್ನು ಮೇಲೆ ಹಾಡು ಎಂದು ಅವಳ ಬಾಯಿಂದ ಬರಲಿಲ್ಲ.

ನನ್ನ ಮಾತಿನ ಮೇಲೆ ಮಾತ್ರ ಅವ್ವ ತನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದಳು. ಶಾಲೆಯ ಪದ್ಯವನ್ನು ನಾನು ಹಿತ್ತಿಲಲ್ಲಿ ಒಪ್ಪಿಸುವಾಗ ಹಾಲು ಆಲಾದರೆ, ಹೂವು ಊವಾದರೆ ಮತ್ತೆ ಮೊದಲಿನಿಂದ. ಬಾವಿಯ ಹತ್ತಿರ ನಿಲ್ಲಿಸಿ, ತಾನು ಹುಲ್ಲಿನ ಮೆದೆಯವರೆಗೂ ಹೋಗಿ, ಕೇಳಿಸಲಿಲ್ಲ ಎಂದು ಕೈ ಮಾಡುವಳು. ಒಂದು ಮಧ್ಯಾಹ್ನ ಪದ್ಯದಲ್ಲಿ ಬರುವ ರಾಜಕುಮಾರನ ಮಾತನ್ನು ಹೇಗೆ ಹೇಳಬೇಕೆಂದು ಕೈಯೆತ್ತಿ ತೋರಿಸುತ್ತಿದ್ದಾಗ ಅತ್ತೆ ಬಂದಳು.

"ಮಗೀನೂ ಕುಣಿಸ್ತಿದೀಯಾ?"

"ಹಾಡಲ್ಲಕ್ಕ. ಪಾಠ."

"ಪಾಠಕ್ಕೆ ಕೈ ಯಾಕೆ ಬೀಸ್ಬೇಕು?"

"ಬೀಸಲ್ಲ ಬಿಡು."

ಅಂದಿನಿಂದ ಅವ್ವ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತು ಹೇಳಿಕೊಟ್ಟಳು. ನಾನೂ ಹಾಗೇ ಕಲಿತೆ. ಮುಂದೆ ನಾನು ಟೀಚರಾದಾಗ ನನ್ನ ದನಿ ಕೊನೆಯ ಬೆಂಚಿನವರೆಗೂ ಸ್ಪಷ್ಟವಾಗಿ ಹೋಗುತ್ತಿತ್ತು. ಕೈಗಳು ಮಾತ್ರ ಮೇಜಿನ ಮೇಲೆ ಸತ್ತ ಹಾಗೆ ಬಿದ್ದಿರುತ್ತಿದ್ದವು. ಮಕ್ಕಳು ನನ್ನನ್ನು ಬೊಂಬೆ ಟೀಚರ್ ಎನ್ನುತ್ತಿದ್ದರು.

ನಾನು ಇನ್ನೂ ದೊಡ್ಡವಳಾಗುವ ಮೊದಲೇ ಅಪ್ಪ ಜ್ವರ ಹಿಡಿದು ಮಲಗಿದ. ಜ್ವರ ಎದೆಗಿಳಿದು ಉಸಿರಾಡುವುದೇ ಕಷ್ಟವಾಯಿತು. ಒಂದು ಬೆಳಿಗ್ಗೆ ಸ್ವಲ್ಪ ಗೆಲುವಾದಂತೆ ಕಂಡು, ಅತ್ತೆ ಮೈ ಒರೆಸಲು ಬಿಸಿನೀರಿನ ಚೊಂಬು ಹಿಡಿದು ಬಂದಳು. ಅಪ್ಪ ಅವ್ವನ ಕಡೆ ಮುಖ ತಿರುಗಿಸಿದ.

"ಒಂದೇ ಒಂದ್ಸಲ ಹೇಳೇ. ಕಾಡಿಗೆ ಹೋಗ್ತಾ ರಾಣಿ ಹಾಡ್ತಾಳಲ್ಲ, ಅದು."

ಅವ್ವ ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡುತ್ತಿದ್ದಳು. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಪ್ಪ ಇಬ್ಬರನ್ನೂ ನೋಡಿ, "ಹೋಗ್ಲಿ ಬಿಡು," ಎಂದ. ಅವ್ವ ಬಗ್ಗಿ ಅವನ ಕಿವಿಯ ಹತ್ತಿರ ಬಾಯಿಟ್ಟು ಆ ಹಾಡಿನ ಮಾತುಗಳನ್ನು, ರಾಗವಿಲ್ಲದೆ, ಸುದ್ದಿ ಹೇಳುವಂತೆ ಒಂದೊಂದಾಗಿ ಹೇಳಿದಳು. ಅತ್ತೆ ಚೊಂಬು ಹಿಡಿದುಕೊಂಡೇ ನಿಂತಿದ್ದಳು. ನೀರು ತಣ್ಣಗಾಯಿತು. ಮರುದಿನ ಅಪ್ಪ ಹೋದ. ಅವ್ವನ ಬಳೆ ತೆಗೆಯುವಾಗ ಉಳಿದವರನ್ನೆಲ್ಲ ಹೊರಗೆ ಕಳಿಸಿ ಅತ್ತೆಯೇ ತೆಗೆದಳು. ಒಂದೂ ಒಡೆಯಲಿಲ್ಲ. ಸೋಪು ಹಚ್ಚಿ ಜಾರಿಸಿ ತೆಗೆದಳು.

ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಹಾರ್ಮೋನಿಯಂ ಪೆಟ್ಟಿಗೆ ಹೊತ್ತುಕೊಂಡು ಮುದುಕರೊಬ್ಬರು ಅಂಗಳಕ್ಕೆ ಬಂದರು. ಅವ್ವನ ಕಂಪನಿಯಲ್ಲಿದ್ದ ಸುಬ್ಬಣ್ಣ ಮೇಷ್ಟ್ರು. ಹೊಸಬರೊಬ್ಬರು ಕಂಪನಿ ಕಟ್ಟಿದ್ದಾರೆ, ವಿರಾಜಪೇಟೆಯಲ್ಲಿ ಕ್ಯಾಂಪು ಹಾಕುತ್ತಿದ್ದಾರೆ, ರಾಜಮಾತೆಯ ಪಾತ್ರಕ್ಕೆ ಹಳೆಯ ಹಾಡು ಬಲ್ಲವರು ಬೇಕು ಎಂದರು.

"ಮಗೂನೂ ಕರ್ಕೊಂಡು ಬಾ ಚಂಪಕ. ಶಾಲೆಗೆ ಅಲ್ಲೇ ಸೇರಿಸೋಣ. ಆ ಹಾಡುಗಳು ಗೊತ್ತಿರೋರು ಯಾರೂ ಉಳಿದಿಲ್ಲಮ್ಮ."

ನಮ್ಮ ಮನೆಯೊಳಗೆ ಯಾರೂ ಆ ಹೆಸರು ಹಿಡಿದು ಕರೆದದ್ದಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು.

"ನನ್ ಮುಖ ಏನ್ ನೋಡ್ತೀಯ? ಬೇಡ ಅಂದಿದ್ದು ನಾನೇ. ಈಗ ನಾನೇ ಹೇಳ್ತಿದೀನಿ. ಹಾಡು."

ಅವ್ವ ಎದ್ದು ಹೋಗಿ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಬಂದು, ನಡುಮನೆಯಲ್ಲಿ ಮೇಷ್ಟ್ರ ಎದುರು ಕೂತಳು. ಬೆನ್ನು ನೆಟ್ಟಗೆ ಮಾಡಿದಳು. ಅವಳ ಮುಖ ಹಾಗೆ ಬದಲಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಗಲ್ಲ ಮೇಲಕ್ಕೆ ಬಂತು, ಕಣ್ಣು ಎಲ್ಲೋ ದೂರಕ್ಕೆ ಹೋಯಿತು. ಮೇಷ್ಟ್ರು ಶ್ರುತಿ ಹಿಡಿದರು. ಮೊದಲ ಸ್ವರ ಬಂತು, ಕೆಳಗಿನದು, ಅಗಲವಾದದ್ದು. ನನ್ನ ಕೈಯ ಕೂದಲು ನಿಮಿರಿ ನಿಂತವು. ದನಿ ಇನ್ನೆರಡು ಮೆಟ್ಟಿಲು ಹತ್ತಿತು. ಅದರಾಚೆಗೆ ಬರೀ ಗಾಳಿ. ಮೇಷ್ಟ್ರು ಏನೂ ಆಗದವರಂತೆ ಶ್ರುತಿ ಇಳಿಸಿದರು. ಅವ್ವ ಮತ್ತೆ ಹಿಡಿದಳು. ಅಲ್ಲಿಯೂ ದನಿ ಒಡೆದು ಎರಡಾಯಿತು. ಇನ್ನೂ ಇಳಿಸಿದರು. ಅವ್ವನ ಕುತ್ತಿಗೆಯ ನರಗಳು ಉಬ್ಬಿ ಬಂದವು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತುಹೋಗಿತ್ತು.

"ಶೀತ ಆಗಿರ್ಬೇಕು," ಎಂದರು ಮೇಷ್ಟ್ರು.

"ಶೀತ ಅಲ್ಲ ಮೇಷ್ಟ್ರೇ."

"ಸಾಧನೆ ಮಾಡಿದ್ರೆ ಬರುತ್ತಮ್ಮ, ನಿಧಾನವಾಗಿ."

"ಇಲ್ಲ ಮೇಷ್ಟ್ರೇ. ನಿಮಗೂ ಗೊತ್ತಲ್ಲ. ಮುಚ್ಚಿಬಿಡಿ."

ಮೇಷ್ಟ್ರು ಪೆಟ್ಟಿಗೆ ಮುಚ್ಚಿದರು. ಅತ್ತೆ ಅವರಿಗೆ ಊಟ ಬಡಿಸಿದಳು. ಸಾರು ಎಲೆಯಾಚೆ ಚೆಲ್ಲಿತು. ಹೊರಡುವಾಗ ಮೇಷ್ಟ್ರು, ಭಾನುವಾರಗಳಲ್ಲಿ ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಆಟ ಇರುತ್ತದೆ, ನೋಡಲಾದರೂ ಬನ್ನಿ ಎಂದರು. ಅವ್ವ ಅತ್ತದ್ದನ್ನು ನಾನು ನೋಡಲಿಲ್ಲ. ಅವಳು ಉಳಿದ ಅವರೆಕಾಯಿಯನ್ನು ಮೊರಕ್ಕೆ ಹಾಕಿಕೊಂಡು ಸುಲಿಯುತ್ತಾ ಕೂತಳು. ಅತ್ತೆ ಹಿತ್ತಿಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಬಂದು ಅವಳ ಪಕ್ಕ ಕೂತು ತಾನೂ ಕೈ ಹಾಕಿದಳು.

ಅವತ್ತಿನಿಂದ ಕೆಲವು ವಾರಗಳ ಮೇಲೆ, ವಿರಾಜಪೇಟೆಗೆ ಹೋಗೋಣ ಎಂದು ಎಬ್ಬಿಸಿದವಳು ಅತ್ತೆಯೇ. ಅವಳು ಬದುಕಿನಲ್ಲಿ ನಾಟಕ ನೋಡಿದವಳಲ್ಲ, ಅಷ್ಟು ದೂರ ಬಸ್ಸಿನಲ್ಲಿ ಹೋದವಳೂ ಅಲ್ಲ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ನಾಟಕದ ತಗಡಿನ ಕೊಟ್ಟಿಗೆಯೊಳಗೆ ನಡು ಮಧ್ಯಾಹ್ನದಲ್ಲೇ ಕತ್ತಲು ಮಾಡಿದ್ದರು. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸರು, ಮಲಯಾಳ ಮಾತಾಡುವ ಅಂಗಡಿಯವರ ಮನೆಯವರು, ಎಲ್ಲರೂ ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದರು. ನಮ್ಮ ಪಕ್ಕದಲ್ಲಿದ್ದ ಕೊಡವ ಹೆಂಗಸೊಬ್ಬರು ಅತ್ತೆಯನ್ನು ಮಾತಾಡಿಸಿದರು.

"ಎಲ್ಲಿಂದ ಬಂದದ್ದು ನೀವು?"

"ಕುಶಾಲನಗರದ ಕಡೆಯಿಂದ."

"ಅಷ್ಟು ದೂರದಿಂದವಾ? ಇದು ನೋಡ್ಲಿಕ್ಕೆ?"

"ನಮ್ಮೋರೊಬ್ರು ಕಂಪ್ನೀಲಿದ್ರು," ಎಂದಳು ಅತ್ತೆ.

ರಾಣಿಯ ಪಾತ್ರ ಮಾಡಿದವಳು ಇಪ್ಪತ್ತು ದಾಟದ ಹುಡುಗಿ. ಅವಳು ಹಾಡುತ್ತಾ ಅರಮನೆ ಬಿಟ್ಟು ಕಾಡಿಗೆ ಹೊರಟಾಗ ಕೊಟ್ಟಿಗೆಯಲ್ಲಿ ಮಕ್ಕಳೂ ಸದ್ದು ಮಾಡಲಿಲ್ಲ. ಅಪ್ಪ ಕೊನೆಗೆ ಕೇಳಿದ್ದ ಹಾಡು ಅದೇ. ಅತ್ತೆಗೂ ಮಾತುಗಳ ಗುರುತು ಸಿಕ್ಕಿರಬೇಕು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಿದ್ದಳು. ಅವ್ವ ಅಲ್ಲಾಡದೆ ಕೂತಿದ್ದಳು. ಹಾಡು ಮುಗಿದಾಗ ಅತ್ತೆ ಕೇಳಿದ್ದು ನನಗೂ ಕೇಳಿಸಿತು.

"ನೀನೂ ಹಿಂಗೇ ಹಾಡ್ತಿದ್ಯಾ?"

"ಹೂಂ."

"ಇದಕ್ಕಿಂತ ಚೆನ್ನಾಗಿ?"

ಅವ್ವ ಅತ್ತೆಯ ಕಡೆ ತಿರುಗಿದಳು.

"ಹೂಂ ಅಕ್ಕ. ಇದಕ್ಕಿಂತ ತುಂಬಾ ಚೆನ್ನಾಗಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದಳು, ಅಷ್ಟೇ. ಅತ್ತೆ ಅವಳ ಕೈ ಹಿಡಿದುಕೊಂಡವಳು ಬಸ್ಸು ಹತ್ತುವವರೆಗೂ ಬಿಡಲಿಲ್ಲ. ಆ ವಿಷಯ ಆಮೇಲೆ ಅವರಿಬ್ಬರ ನಡುವೆ ಬಂದದ್ದು ನನಗೆ ತಿಳಿಯದು. ನಾನು ಟೀಚರ್ ತರಬೇತಿಗೆ ಮಡಿಕೇರಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಸುದ್ದಿ ತಲುಪಿ ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ವಿರಾಜಪೇಟೆಯ ಹತ್ತಿರ ಕೆಲಸ ಸಿಕ್ಕಾಗ ಅತ್ತೆಯನ್ನು ಕರೆದುಕೊಂಡು ಬಂದು ಬಾಡಿಗೆ ಮನೆ ಹಿಡಿದೆ. ಅವಳು ಇನ್ನೂ ಬಹಳ ವರ್ಷ ಬದುಕಿದಳು. ಕಣ್ಣು ಮಂದವಾದ ಮೇಲೆ ಜಗಲಿಯ ಮೇಲೆ ಕೂತಿರುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಕೆಲಸ ಮುಗಿಸಿ ಬಂದು ಮಾತಿಗೆ ಕೂರುವರು. ಎಲ್ಲಿಂದಲೋ ರೇಡಿಯೋದಲ್ಲಿ ಹಾಡು ಬಂದರೆ ಸಾಕು, ಅತ್ತೆ ಶುರು ಮಾಡುವಳು.

"ಇದೇನು ಹಾಡು? ನನ್ ತಮ್ಮನ ಹೆಂಡ್ತಿ ಹಾಡೋದು ನೀವು ಕೇಳ್ಬೇಕಿತ್ತು."

"ನೀವು ಕೇಳಿದ್ದೀರಾ ಅಜ್ಜಿ?"

"ಕೇಳ್ದೆ ಏನು? ಒಂದೇ ಮನೇಲಿದ್ವಲ್ಲ. ದಿನಾ ಹಾಡೋಳು."

ನಾನು ಒಳಗೆ ಮಕ್ಕಳ ಉತ್ತರ ತಿದ್ದುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಒಮ್ಮೆಯೂ ಎದ್ದು ಹೋಗಿ ಅಲ್ಲವೆನ್ನಲಿಲ್ಲ.